ಕುದುರೆ ಓಡುತ್ತಿರುವಾಗಲೇ ಮಂಗಳ

ನಾನು ಹಾರ್ಮೋನಿಯಂ ನುಡಿಸುತ್ತೇನೆ ಎಂದು ಹೇಳುವವನು ಈ ಬೀದಿಯಲ್ಲಿ ನಾನೊಬ್ಬನೇ. ಮಿಕ್ಕವರೆಲ್ಲ ‘ಪೆಟ್ಟಿಗೆ ಒತ್ತುತ್ತಾನೆ’ ಅನ್ನುತ್ತಾರೆ. ಸತ್ಯ ಇವೆರಡರ ನಡುವೆ ಎಲ್ಲೋ ಇರಬೇಕು ಎಂದು ಬಹಳ ಕಾಲ ನಂಬಿದ್ದೆ. ಈಚೆಗೆ ಒಂದು ಮೂಕಿ ಚಿತ್ರ ತೋರಿಸಿದ ದಿನ ಆ ನಂಬಿಕೆಯೂ ಹೋಯಿತು. ಮೂಕಿ ಅಂದರೆ ಮಾತು ಬರುವುದಕ್ಕೆ ಮೊದಲಿನ ಕಾಲದ ಕಪ್ಪುಬಿಳುಪು ಸಿನಿಮಾ. ಅದರಲ್ಲಿ ಒಂದು ಕುದುರೆ ಓಡಿತು, ಅದರ ಹಿಂದೆ ನನ್ನ ಮಾನವೂ ಓಡಿತು.

ಕೊಯಮತ್ತೂರು ಕಡೆಯ ಅನ್ನೂರಿಗೆ ಹತ್ತಿರದ ನಮ್ಮ ಬೀದಿಯಲ್ಲಿ ತಲೆತಲಾಂತರದಿಂದ ನೇಯ್ಗೆಯವರದೇ ಮನೆಗಳು. ಹೊಸಿಲ ಒಳಗೆ ಕನ್ನಡ, ಹೊರಗೆ ಕಾಲಿಟ್ಟರೆ ತಮಿಳು. ಕನ್ನಡ ಅಕ್ಷರ ಮಾತ್ರ ಹೆಚ್ಚಿನವರಿಗೆ ಬಾರದು. ಶನಿವಾರದ ಭಜನೆಯ ಪದಗಳನ್ನೂ ತಮಿಳು ಲಿಪಿಯಲ್ಲಿ ಬರೆದಿಟ್ಟುಕೊಂಡೇ ಹಾಡುತ್ತೇವೆ. ನೂಲಿನ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ನಾನು ಹೊತ್ತು ಹೋಗದೆ ಕನ್ನಡ ಓದು ಬರಹ ಕಲಿತೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾಲ್ಕು ಅಕ್ಷರ ಬಂದದ್ದೇ ತಡ, ನನ್ನ ಮರ್ಯಾದೆ ಹೋದ ಕತೆಯನ್ನು ನಾನೇ ಬರೆಯಲು ಕೂತಿದ್ದೇನೆ.

ಹೋದದ್ದು ನನ್ನ ಮರ್ಯಾದೆ, ಕತೆ ಮಾತ್ರ ಅಕ್ಕನದು. ಅವಳು ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಭಾವ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ಆಯುಷ್ಯವೆಲ್ಲ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದವಳು. ಆ ಗದ್ದಲದಲ್ಲಿ ಬಾಳು ಸವೆಸಿದವರ ಕಿವಿ ಏನಾಗುತ್ತದೋ ಅವಳದ್ದೂ ಅದೇ ಆಯಿತು. ಈಗ ಬೆನ್ನ ಹಿಂದೆ ಪಟಾಕಿ ಹೊಡೆದರೂ ತಿರುಗುವುದಿಲ್ಲ. ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ದೂರದಿಂದಾದರೆ ಶೆಡ್ಡಿನ ಕೈಸನ್ನೆ ಇದೆ. ಮಗ್ಗಗಳ ನಡುವೆ ಬಾಯಿ ಬಿಟ್ಟು ಏನು ಹೇಳಿದರೂ ಯಾರಿಗೂ ಕೇಳುವುದಿಲ್ಲ, ಹಾಗಾಗಿ ಅಲ್ಲಿ ಎಲ್ಲ ಮಾತೂ ಕೈಯಲ್ಲೇ. ಅಂಗೈ ಎತ್ತಿದರೆ ಮಗ್ಗ ನಿಲ್ಲಿಸು ಎಂದು. ಎರಡು ಬೆರಳು ಜೋಡಿಸಿ ಫಕ್ಕನೆ ಬಿಡಿಸಿದರೆ ನೂಲು ಕಡಿದಿದೆ ಎಂದು. ಹಾಗೆ ಬಿಡಿಸಿ ಎದೆ ತಟ್ಟಿಕೊಂಡರೆ, ಕಡಿದವನು ನಾನೇ, ಬೇರೆಯವರನ್ನು ಬೈಯಬೇಡ ಎಂದು. ಹದಿಹರೆಯದಲ್ಲಿ ಕೆಲಸ ಕಲಿಯಲು ಶೆಡ್ಡಿಗೆ ಹೋದಾಗ ನಾನು ದಿನವಿಡೀ ಎದೆ ತಟ್ಟಿಕೊಳ್ಳುತ್ತಲೇ ಇರುತ್ತಿದ್ದೆ. ಅದನ್ನು ನೋಡಲಾರದೆ ಅಪ್ಪ ನನ್ನನ್ನು ನೂಲಿನ ಅಂಗಡಿಗೆ ಹಾಕಿದರು.

ಅಕ್ಕನಿಗೆ ಕಿವಿಯ ಮಷೀನು ತಂದುಕೊಟ್ಟೆವು. ಎರಡು ದಿನ ಹಾಕಿಕೊಂಡು, “ಫ್ಯಾನ್ ತಿರುಗೋದು ಕೇಳ್ತದೆ, ಬಸ್ ಹೋಗೋದು ಕೇಳ್ತದೆ, ಮನುಷ್ಯರು ಮಾತ್ರ ಕೇಳಲ್ಲ. ಈ ದರಿದ್ರ ನಂಗ್ಯಾಕೆ?” ಎಂದು ತೆಗೆದು ಸಾಸಿವೆ ಡಬ್ಬಿಯ ಪಕ್ಕದಲ್ಲಿಟ್ಟಳು. ಆಮೇಲೆ ಯಾರದೋ ಮದುವೆಯ ಪಂಕ್ತಿಯಲ್ಲಿ ಅವಳ ಸುತ್ತ ಕೂತವರು ಗೊಳ್ಳೆಂದು ನಕ್ಕರಂತೆ. ಯಾಕೆ ನಕ್ಕರೋ ಇವತ್ತಿಗೂ ಗೊತ್ತಿಲ್ಲ. ಅಕ್ಕ ಅರ್ಧ ಊಟಕ್ಕೆ ಎಲೆ ಮಡಿಸಿ ಎದ್ದು ಬಂದಳು. ಅಂದಿನಿಂದ ಮದುವೆ, ಸೀಮಂತ, ಸಾವು, ಯಾವುದಕ್ಕೂ ಹೋಗಲಿಲ್ಲ. ಗುಡಿಗೂ ಜನರಿಲ್ಲದ ಹೊತ್ತು ನೋಡಿ ಹೋಗಿ ಬರುತ್ತಿದ್ದಳು.

ಹೀಗಿರುವಾಗ ಅವಳ ಮೊಮ್ಮಗಳಿಗೆ, ಅಂದರೆ ಅವಳ ಒಬ್ಬಳೇ ಮಗಳ ಮಗಳಿಗೆ, ಕುನ್ನತ್ತೂರಿನಲ್ಲಿ ಮದುವೆ ಗೊತ್ತಾಯಿತು. “ನಾನು ಬರಲ್ಲ. ಇಲ್ಲಿಂದ್ಲೇ ಅಕ್ಷತೆ ಹಾಕ್ತೀನಿ,” ಎಂದು ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿದಳು. ಮಗಳು ಬಂದು ಕಾಲು ಹಿಡಿದಳು, ಅತ್ತಳು, ಜಗಳವಾಡಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, “ಮಾಮಾ, ನೀವೇ ಏನಾದ್ರೂ ಮಾಡಿ. ಅಮ್ಮ ಬರದೆ ನಾನು ಹೆಂಗೆ ಧಾರೆ ಎರೀಲಿ?” ಎಂದಳು. ನಾನು ಮೀಸೆ ತಿರುವಿ, “ಕರ್ಕೊಂಡು ಬರೋದು ನನ್ನ ಜವಾಬ್ದಾರಿ, ಹೋಗು,” ಎಂದುಬಿಟ್ಟೆ. ನನಗೆ ಮೀಸೆಯೇ ಇಲ್ಲ.

ದಾರಿ ತೋರಿಸಿದವಳು ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ. ದಾವಣಗೆರೆ ಕಡೆಯವಳು, ಕೊಯಮತ್ತೂರಿನ ಪಂಪಿನ ಕಂಪನಿಯಲ್ಲಿ ಇಂಜಿನಿಯರು. ಹಳೆಯ ಸಿನಿಮಾ ಅಂದರೆ ಪ್ರಾಣ. ಅವಳೂ ಅವಳ ಗೆಳತಿಯರೂ ಊರೂರಿಗೆ ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿ ಮೂಕಿ ಚಿತ್ರ ತೋರಿಸುತ್ತಾರೆ. ಈ ಸಲ ಕುದುರೆ ರೇಸಿನದೊಂದು ವಿಲಾಯಿತಿ ಚಿತ್ರ ಇದೆ, ನಡುನಡುವೆ ಬರುವ ಇಂಗ್ಲಿಷ್ ಬರಹದ ಕೆಳಗೆ ತಮಿಳು ಸೇರಿಸಿದ್ದೇವೆ, ನಿಮ್ಮ ಗುಡಿಯ ಮಂಟಪದಲ್ಲಿ ಹಾಕೋಣವೇ ಎಂದು ಕೇಳಿದಳು. ನನ್ನ ತಲೆಯಲ್ಲಿ ದೀಪ ಹತ್ತಿತು. ಅಪರೂಪಕ್ಕೆ ಹತ್ತುತ್ತದೆ, ಹತ್ತಿದರೆ ಏನಾದರೊಂದು ಸುಟ್ಟೇ ಆರುತ್ತದೆ.

ಅಕ್ಕನ ಎದುರಿಗೆ ಕೂತು, ತುಟಿ ಸ್ಪಷ್ಟವಾಗಿ ಆಡಿಸಿ ಹೇಳಿದೆ: “ಸಿನಿಮಾ ಅಕ್ಕಾ. ಕುದುರೆ ರೇಸು. ಮಾತೇ ಇಲ್ಲ.”

“ಮಾತೇ ಇಲ್ವಾ? ಯಾರಿಗೂ?”

“ಯಾರಿಗೂ ಇಲ್ಲ. ಎಲ್ಲಾ ಬಾಯಿ ಮಾತ್ರ ಆಡಿಸ್ತಾರೆ.”

“ಹಂಗಾದ್ರೆ ನಂಗೂ ಊರೋರ್ಗೂ ಒಂದೇ ಕಣಕ್ಕು,” ಎಂದಳು. ಕಣಕ್ಕು ಅಂದರೆ ಲೆಕ್ಕ.

ಕುದುರೆಯ ಆಸೆಯೂ ಸ್ವಲ್ಪ ಇತ್ತೆನ್ನಿ. ಚಿಕ್ಕಂದಿನಲ್ಲಿ ಅಪ್ಪನ ಹೆಗಲೇರಿ ರೇಕ್ಲಾ ಪಂದ್ಯ ನೋಡಿದವಳು ಅವಳು. ಎರಡೆತ್ತಿನ ಪುಟ್ಟ ಬಂಡಿಗಳು ಧೂಳೆಬ್ಬಿಸಿಕೊಂಡು ಹೋಗುವಾಗ ಅಪ್ಪನ ಕೂದಲು ಹಿಡಿದು ಜಗ್ಗುತ್ತಿದ್ದಳಂತೆ. ಅಪ್ಪನ ತಲೆ ಬೇಗ ಬೋಳಾದದ್ದು ಅದರಿಂದಲೇ ಎಂದು ಅಮ್ಮ ಅನ್ನುತ್ತಿದ್ದಳು. ಅಕ್ಕ ಬರುತ್ತೇನೆ ಎಂದಳು. ನಾನು ಒಳಗೊಳಗೇ ಹಿಗ್ಗಿದೆ. ಬೀದಿಯ ಜನರ ಮಧ್ಯೆ ಒಂದು ಸಂಜೆ ನೆಮ್ಮದಿಯಾಗಿ ಕೂತು ಎದ್ದರೆ ಸಾಕು, ಕುನ್ನತ್ತೂರಿನ ಛತ್ರ ಆಮೇಲೆ ದೂರವಲ್ಲ. ಇಲ್ಲಿ ಎಡವಿದರೆ ಮದುವೆಯ ಮಾತು ಮತ್ತೆ ಎತ್ತುವ ಹಾಗಿಲ್ಲ, ಇದೂ ನನಗೆ ಗೊತ್ತಿತ್ತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಕತೆ ಸುಖಾಂತ. ಆದರೆ ಮೂಕಿ ಚಿತ್ರಕ್ಕೆ ಆ ಕಾಲದಲ್ಲಿ ಪರದೆಯ ಪಕ್ಕ ಕೂತು ವಾದ್ಯ ನುಡಿಸುತ್ತಿದ್ದರು ಎಂದು ಆ ಹುಡುಗಿ ಬಾಯಿತಪ್ಪಿ ಹೇಳಿದಳು.

“ನಾನಿದ್ದೀನಲ್ಲ,” ಎಂದೆ.

“ಬ್ಯಾಡ್ರಿ ಅಂಕಲ್, ಮ್ಯೂಸಿಕ್ ಅದರಾಗೇ ಐತ್ರಿ,” ಎಂದಳು, ಪಾಪ.

“ಡಬ್ಬಿ ಸಂಗೀತ ಯಾರಿಗೆ ಬೇಕಮ್ಮಾ? ಜೀವಂತ ಕಲಾವಿದ ಮನೆ ಕೆಳಗೇ ಇರೋವಾಗ?”

ಬಾಡಿಗೆಗಿರುವವರು ಮನೆಯ ಯಜಮಾನನಿಗೆ ಎಷ್ಟು ಸಲ ಬೇಡ ಅಂದಾರು? ಒಪ್ಪಿದಳು. ನಾನು ಪೆಟ್ಟಿಗೆಯನ್ನು ರಿಪೇರಿಗೆಂದು ಟೌನ್ ಬಸ್ಸಿನಲ್ಲಿ ಕೊಯಮತ್ತೂರಿಗೆ ಹೊತ್ತೆ. ಉಕ್ಕಡಂ ಬಸ್ ಸ್ಟ್ಯಾಂಡಿನ ಹಿಂದೆ ರಿಪೇರಿಯವನ ಅಂಗಡಿ. ಕೆಲಸವೇನೋ ಚೆನ್ನಾಗಿ ಮಾಡಿಕೊಟ್ಟ. ವಾಪಸು ಬರುವಾಗ ಬಸ್ಸಿನಲ್ಲಿ ಮೀನಿನ ಬುಟ್ಟಿಗಳ ನಡುವೆ ಅದನ್ನಿಟ್ಟುಕೊಂಡು ಕೂತೆ, ಸುಮ್ಮನೆ ಕೂರಲಾರದೆ ಎಲ್ಲ ಸ್ವರವೂ ಸರಿಯಾಗಿದೆಯೇ ಎಂದು ದಾರಿಯುದ್ದಕ್ಕೂ ಒತ್ತಿ ನೋಡಿದೆ. ತಿದಿ ಮೀನಿನ ಗಾಳಿಯನ್ನೇ ಕುಡಿಯಿತು. ಆಮೇಲೆ ಒಂದು ವಾರ ನಾನು ಯಾವ ಪದ ನುಡಿಸಿದರೂ ಮನೆಯಲ್ಲಿ ಮತ್ತಿ ಮೀನಿನ ವಾಸನೆ. ಎಲ್ಲರೂ ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಅಕ್ಕ ಒಬ್ಬಳು ಎದುರಿಗೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ನನ್ನ ಏಕೈಕ ರಸಿಕಳಿಗೆ ಕಿವಿ ಕೇಳುವುದಿಲ್ಲ ಎಂಬುದನ್ನು ಗಮನಿಸಬೇಕು.

ಶನಿವಾರ ಬಂತು. ಗುಡಿಯ ಉಸ್ತುವಾರಿ ನಮ್ಮ ದೊಡ್ಡಪ್ಪನ ಕೈಯಲ್ಲಿದೆ. ಭಜನೆಯ ಹೊತ್ತಿಗೆ ಸಿನಿಮಾ ಆಗಲಿ, ಕೊನೆಗೆ ಎಂದಿನಂತೆ ಪೊಂಗಲ್ ಪ್ರಸಾದ ಇರಲಿ ಎಂದು ಅವರು ಅಪ್ಪಣೆ ಕೊಟ್ಟಿದ್ದರು. ಹಾಗಾಗಿ ಅದೇ ಮಂಟಪ, ಅದೇ ಚಾಪೆ, ಅದೇ ಜನ, ಮೂಲೆಯಲ್ಲಿ ಅದೇ ಪೆಟ್ಟಿಗೆಯ ಹಿಂದೆ ನಾನು. ಭಜನೆಗೆ ಇಲ್ಲದ್ದು ಎರಡೇ: ಗೋಡೆಗೆ ಕಟ್ಟಿದ ಬಿಳಿ ಪಂಚೆ, ಮುಂದಿನ ಸಾಲಿನಲ್ಲಿ ಹಸಿರು ಸೀರೆ ಉಟ್ಟು ಕೈಚೀಲ ಮಡಿಲಲ್ಲಿಟ್ಟುಕೊಂಡ ಅಕ್ಕ. ಅವಳನ್ನು ನೋಡಿ ಹೆಂಗಸರು ಜಾಗ ಬಿಟ್ಟರು. ಯಾರೂ ಕಿವಿಯ ಹತ್ತಿರ ಕಿರುಚಲಿಲ್ಲ, ಸದ್ಯ.

ಚಿತ್ರದ ಕತೆ ಸರಳ. ಕುದುರೆ ಲಾಯದ ಯಜಮಾನ ಸಾಯುತ್ತಾನೆ. ಮಗಳಿಗೆ ಉಳಿಯುವುದು ಒಂದೇ ಕುದುರೆ, ಮುಂಗಾಲೊಂದು ಬಿಳಿ. ದೊಡ್ಡ ರೇಸು ಗೆದ್ದರೆ ಲಾಯ ಉಳಿಯುತ್ತದೆ, ಇಲ್ಲದಿದ್ದರೆ ದಪ್ಪ ಮೀಸೆಯ ಒಬ್ಬ ಪಾಪಿಯ ಪಾಲಾಗುತ್ತದೆ. ನನಗೆ ಬರುವುದು ಭಜನೆಯ ಪದಗಳು ಮಾತ್ರ, ಅವನ್ನೇ ಹಂಚಿದೆ. ಕುದುರೆ ಓಡಿದಾಗ ಹನುಮನ ಪದವನ್ನು ಜೋರಾಗಿ ಒತ್ತಿದೆ. ಲಾಯದ ಹುಡುಗಿಯೂ ಅವಳ ಕುದುರೆಯ ಸವಾರನೂ ಹುಲ್ಲಿನ ಬಣವೆಯ ಹಿಂದೆ ಮುತ್ತು ಕೊಡಲು ಹೊರಟಾಗ ಗಾಬರಿಯಾಗಿ ತೊಟ್ಟಿಲ ಪದ ಹಿಡಿದೆ, ಹಿಂದಿನ ಸಾಲಿನ ಅಜ್ಜಿಯರು ಕೃಷ್ಣಾ ಕೃಷ್ಣಾ ಎಂದು ಕೈ ಮುಗಿದರು. ಮೀಸೆಯವನು ಬಂದಾಗೆಲ್ಲ ಶನಿಮಹಾತ್ಮೆಯ ಧಾಟಿ. ಇಷ್ಟು ಚೆನ್ನಾಗಿ ನಾನು ಎಂದೂ ನುಡಿಸಿರಲಿಲ್ಲ ಎಂದು ಆ ಹೊತ್ತಿಗೆ ನನಗೆ ಅನ್ನಿಸಿತ್ತು.

ಅಕ್ಕನನ್ನು ನೋಡಬೇಕಿತ್ತು. ಮೊದಲು ಸೆರಗು ಹೊದ್ದು ಮುದುಡಿ ಕೂತಿದ್ದವಳು ಮೊದಲ ರೇಸಿಗೇ ಮಂಡಿಯೂರಿದಳು. “ಅಯ್ಯೋ, ಹಗ್ಗ ಬಿಡೋ ಮುಂಡೇದೇ, ಹಗ್ಗ ಬಿಡು!” ಎಂದು ಸವಾರನಿಗೆ ಕೂಗಿದಳು. ತನ್ನ ದನಿ ತನಗೆ ಕೇಳದವರು ಕೂಗಿದರೆ ಮಂಟಪ ನಡುಗುತ್ತದೆ. ಪಕ್ಕದವರೂ ಕೂಗಿದರು. ಅವಳ ಮುಖ ಪರದೆಯ ಬೆಳಕಿನಲ್ಲಿ ಅರಳಿತ್ತು. ಎಷ್ಟು ವರ್ಷವಾಗಿತ್ತೋ ಆ ಮುಖ ನೋಡಿ. ಗೆದ್ದೆ ಎಂದುಕೊಂಡೆ, ಕುನ್ನತ್ತೂರಿಗೆ ಯಾವ ಬಸ್ಸು ಹಿಡಿಯುವುದು ಎಂದೂ ಯೋಚಿಸತೊಡಗಿದೆ.

ಆಮೇಲೆ ಬಂತು ದುಃಖದ ದೃಶ್ಯ. ದೊಡ್ಡ ರೇಸು ನಾಳೆ ಅನ್ನುವಾಗ ಮೀಸೆಯವನು ಕುದುರೆಯ ಗೊರಸಿಗೆ ಮೊಳೆ ಹೊಡೆಸುತ್ತಾನೆ. ಹುಡುಗಿ ಆ ಬಿಳಿಗಾಲನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಾಳೆ. ನಾನೂ ಅತ್ತೆ. ಕಣ್ಣು ಮುಚ್ಚಿ, ಇದ್ದಬದ್ದ ಕರುಣೆಯನ್ನೆಲ್ಲ ತಿದಿಗೆ ತುಂಬಿ ನಿಧಾನದ ಪದವೊಂದನ್ನು ನುಡಿಸಿದೆ. ಆ ಪದ ಭಜನೆಯಲ್ಲಿ ಕೊನೆಗೆ ಬರುವಂಥದ್ದು. ಅದು ಮುಗಿದ ಮೇಲೆ ಮಂಗಳ. ಮೂವತ್ತು ವರ್ಷದಿಂದ ಪ್ರತಿ ಶನಿವಾರ ಅದರ ಹಿಂದೆ ಮಂಗಳವೇ. ನನ್ನ ಬೆರಳುಗಳು ಯಜಮಾನನನ್ನು ಕೇಳದೆ ತಮ್ಮ ಪಾಡಿಗೆ ತಾವು ಮಂಗಳಕ್ಕೆ ಹೊರಳಿದವು.

ಮಂಗಳ ಕೇಳಿದರೆ ನಮ್ಮವರು ಏನು ಮಾಡುತ್ತಾರೆ ಎಂಬುದು ಓದುಗರಿಗೆ ತಿಳಿದಿರಬೇಕು. ತೂಕಡಿಸುತ್ತಿದ್ದವರೂ ಎದ್ದು ನಿಲ್ಲುತ್ತಾರೆ, ನಿಂತಲ್ಲೇ ಒಂದು ಸುತ್ತು ಹಾಕಿ ಕೈ ಮುಗಿಯುತ್ತಾರೆ, ಪ್ರಸಾದಕ್ಕೆ ಸಾಲು ಹಿಡಿಯುತ್ತಾರೆ. ಅಂದೂ ಹಾಗೇ ಆಯಿತು. ನಾನು ಕಣ್ಣು ಬಿಟ್ಟಾಗ ಇಡೀ ಮಂಟಪ ಎದ್ದು ನಿಂತು ಕೈ ಮುಗಿದಿತ್ತು. ನನ್ನ ವಾದನಕ್ಕೆ ಗೌರವ ಕೊಡುತ್ತಿದ್ದಾರೆ ಎಂದುಕೊಂಡೆ, ದೇವರಾಣೆಗೂ. ಮಂಡಿ ಮೇಲೆದ್ದು ವಿನಯದಿಂದ ತಲೆ ಬಾಗಿಸಿಯೂ ಬಿಟ್ಟೆ. ಅಷ್ಟರಲ್ಲಿ ದೊಡ್ಡಪ್ಪ ಗಂಟೆ ಬಾರಿಸಿದರು, ಕರ್ಪೂರ ಹತ್ತಿತು, ಟ್ಯೂಬ್‌ಲೈಟುಗಳು ಬೆಳಗಿದವು, ಹಿಂಬದಿಯಲ್ಲಿ ಪೊಂಗಲ್ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಮಹಡಿಯ ಹುಡುಗಿ ತಲೆಯ ಮೇಲೆ ಕೈಯಿಟ್ಟುಕೊಂಡು, “ಅಂಕಲ್, ಇನ್ನೂ ರೇಸೇ ಆಗಿಲ್ರೀ!” ಎಂದು ಕೂಗುತ್ತಿದ್ದಳು. ಯಾರು ಕೇಳುತ್ತಾರೆ? ಪೊಂಗಲ್ ಬಿಸಿಯಿತ್ತು.

ಎದ್ದು ನಿಲ್ಲದವಳು ಒಬ್ಬಳೇ. ಅಕ್ಕನಿಗೆ ಮಂಗಳ ಕೇಳಿಸಿಲ್ಲವಲ್ಲ. ಪರದೆಯ ಮೇಲೆ ಬಿಳಿಗಾಲಿನ ಕುದುರೆಗೆ ಪಟ್ಟಿ ಕಟ್ಟಿ ರೇಸಿಗೆ ಬಿಟ್ಟಾಗಿತ್ತು. ಲೈಟಿನ ಬೆಳಕಿನಲ್ಲಿ ಅದು ಮಸುಕು ಮಸುಕಾಗಿ ಓಡುತ್ತಿತ್ತು. ಎದುರಿಗೆ ಅಡ್ಡ ಬಂದ ಜನರ ಕಾಲುಗಳನ್ನು ತಳ್ಳುತ್ತ ಅಕ್ಕ ಗುಡುಗಿದಳು:

“ಏಯ್, ಕುದ್ರೆ ಇನ್ನೂ ಓಡ್ತಾ ಅದೆ! ನೀವೆಲ್ಲಾ ಎಲ್ಲಿಗ್ರೋ ಓಡ್ತೀರಾ? ಕಣ್ಣಿಲ್ವಾ ನಿಮ್ಗೆ?”

ಒಂದು ಗಳಿಗೆ ಎಲ್ಲರೂ ನಿಂತರು. ಪರದೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮಂಟಪವೇ ಬಿದ್ದು ಬಿದ್ದು ನಕ್ಕಿತು. ದೊಡ್ಡಪ್ಪ ಕರ್ಪೂರದ ತಟ್ಟೆ ಹಿಡಿದುಕೊಂಡೇ ಕಂಬಕ್ಕೊರಗಿ ನಕ್ಕರು. ನಾನೂ ನಗುತ್ತ ಅಕ್ಕನ ಕಡೆ ತಿರುಗಿದೆ.

ಅಕ್ಕನ ಮುಖ ಕಪ್ಪಿಟ್ಟಿತ್ತು. ಅವಳಿಗೆ ಕಾಣುವುದು ಸುತ್ತ ತೆರೆದ ಬಾಯಿಗಳು ಮಾತ್ರ. ಅವಳು ಕೂಗಿದಳು, ಎಲ್ಲರೂ ನಕ್ಕರು. ಇನ್ನೇನು ಅರ್ಥ ಮಾಡಿಕೊಂಡಾಳು? ಸೆರಗು ಎಳೆದು ಹೊದ್ದಳು, ಕೈಚೀಲ ಎತ್ತಿಕೊಂಡಳು, ಎದ್ದು ಬಾಗಿಲ ಕಡೆ ಹೊರಟಳು. ಈ ಬಾಗಿಲು ದಾಟಿದರೆ ಅಕ್ಕ ಇನ್ನು ಮನೆಯ ಬಾಗಿಲು ದಾಟುವುದಿಲ್ಲ. ಮೊಮ್ಮಗಳ ಧಾರೆಗೂ ಇಲ್ಲ, ಯಾವುದಕ್ಕೂ ಇಲ್ಲ. ಅದೂ ಯಾರಿಂದ? ನನ್ನ ಈ ದರಿದ್ರ ಪೆಟ್ಟಿಗೆಯಿಂದ.

“ಅಕ್ಕಾ!” ಎಂದು ಕೂಗಿದೆ. ಬುದ್ಧಿ ನೋಡಿ ನನ್ನದು, ಕಿವಿ ಕೇಳದವಳನ್ನು ಕೂಗಿ ಕರೆಯುತ್ತಿದ್ದೇನೆ. ಜನರನ್ನು ತಳ್ಳಿಕೊಂಡು ಹೋಗಲು ದಾರಿಯಿಲ್ಲ. ಲೈಟ್ ಆರಿಸಿ ಎಂದು ಕಿರುಚಿದೆ, ಯಾರೋ ಆರಿಸಿದರು. ಕತ್ತಲಾದ್ದಕ್ಕೆ ಅಕ್ಕ ಹೊಸಿಲ ಹತ್ತಿರ ತಿರುಗಿದಳು. ನಾನು ಪೆಟ್ಟಿಗೆ ದಾಟಿ ಹಾರಿ ಪ್ರೊಜೆಕ್ಟರಿನ ಬೆಳಕಿಗೆ ಅಡ್ಡವಾಗಿ ನಿಂತೆ. ಹಿಂದೆ ಪಂಚೆಯ ಮೇಲೆ ನನ್ನ ಡೊಳ್ಳುಹೊಟ್ಟೆಯ ನೆರಳು ಆಳೆತ್ತರ ಎದ್ದಿತು, ಕುದುರೆಗಳೆಲ್ಲ ನನ್ನ ಬನೀನಿನ ಮೇಲೆಯೇ ಓಡತೊಡಗಿದವು. ಎರಡು ಬೆರಳು ಜೋಡಿಸಿ ಎತ್ತಿ ಹಿಡಿದೆ. ಫಕ್ಕನೆ ಬಿಡಿಸಿದೆ. ಎದೆ ತಟ್ಟಿಕೊಂಡೆ. ನೂಲು ಕಡಿದವನು ನಾನು, ಅಕ್ಕಾ, ನಾನು.

ಅವಳು ನಿಂತು ನೋಡಿದಳು. ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಪೆಟ್ಟಿಗೆಯ ಕಡೆ ಕೈ ತೋರಿಸಿದೆ, ಗಾಳಿಯಲ್ಲಿ ಒತ್ತಿ ತೋರಿಸಿದೆ, ಕೈ ಮುಗಿದು ಒಂದು ಸುತ್ತು ತಿರುಗಿ ಮಂಗಳ ಎಂದು ಅಭಿನಯಿಸಿದೆ, ಕೆನ್ನೆ ಕೆನ್ನೆ ಬಡಿದುಕೊಂಡೆ. ಸಾಲದ್ದಕ್ಕೆ ಗಣಪನ ಮುಂದೆ ಮಾಡುವ ಹಾಗೆ ಕೈ ಅಡ್ಡ ಹಾಕಿ ಎರಡೂ ಕಿವಿ ಹಿಡಿದು ಬಸ್ಕಿ ಹೊಡೆದೆ. ಒಂದು ಹೊಡೆದೆ. ಎರಡನೆಯದಕ್ಕೆ ಕೂತವನು ಏಳಲಾಗದೆ ಅಲ್ಲೇ ಹಿಂದಕ್ಕೆ ಉರುಳಿ ಹಾರ್ಮೋನಿಯಂ ಮೇಲೆ ಬಿದ್ದೆ. ಅದು ಎಲ್ಲ ಸ್ವರದಲ್ಲೂ ಒಟ್ಟಿಗೆ ಅರಚಿತು. ಜನ ನಗುತ್ತಿದ್ದರು, ನಾನು ಅಳುವುದೊಂದು ಬಾಕಿ.

ಆಗ ಅಕ್ಕ ನಕ್ಕಳು. ಹೊಸಿಲ ಮೇಲೆ ಕೈಚೀಲ ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಹಲ್ಲಿಲ್ಲದ ಬಾಯಿ ಅಗಲ ಬಿಟ್ಟು ನಕ್ಕಳು. ಸೀದಾ ಬಂದು ತನ್ನ ಜಾಗದಲ್ಲಿ ಕೂತು, ಮಹಡಿಯ ಹುಡುಗಿಗೆ “ಪಾಪಾ, ಮೊದ್ಲಿಂದ ಹಾಕು ರೇಸು. ಇವ್ನ ಕೈ ಕಟ್ಟಾಕಿ,” ಎಂದಳು. ಹುಡುಗಿ ಚಿತ್ರವನ್ನು ಹಿಂದಕ್ಕೆ ತಿರುಗಿಸಿದಳು. ಪೊಂಗಲ್ ದೊನ್ನೆ ಹಿಡಿದವರೆಲ್ಲ ಮತ್ತೆ ಬಂದು ಚಾಪೆ ತುಂಬಿದರು. ಪೆಟ್ಟಿಗೆ ಮುಚ್ಚಿತ್ತು, ಅಕ್ಕನ ಕೂಗೇ ಸಂಗೀತ. ಬಿಳಿಗಾಲಿನ ಕುದುರೆ ಮೂಗಿನಷ್ಟು ಮುಂದಾಗಿ ಗೆದ್ದಿತು. “ಎತ್ತಾಗಿದ್ರೆ ಯಾವಾಗ್ಲೋ ಗೆದ್ದಿರೋದು,” ಎಂದಳು ಅಕ್ಕ.

ಮನೆಗೆ ನಡೆಯುವಾಗ ಬೀದಿದೀಪದ ಕೆಳಗೆ ನನ್ನನ್ನು ನಿಲ್ಲಿಸಿದಳು. “ನಗು ನಂಗೆ ಕಾಣ್ಸತ್ತೆ ಕಣೋ. ಯಾರ ಮೇಲೆ ಅಂತ ಮಾತ್ರ ಕಾಣ್ಸಲ್ಲ. ಅದಕ್ಕೇ ಎಲ್ಲಾ ನನ್ ಮೇಲೇನೇ ಅಂತ ಇಟ್ಕೊಂಡೆ, ಇಷ್ಟು ವರ್ಷ.” ಕೈಚೀಲವನ್ನು ನನ್ನ ಕೈಗೆ ಹಿಡಿಸಿ ಮುಂದುವರಿಸಿದಳು: “ಮದ್ವೆಗೆ ಬರ್ತೀನಿ. ನೀನು ಪಕ್ಕದಲ್ಲೇ ಕೂತ್ಕೋಬೇಕು. ನಕ್ಕಾಗೆಲ್ಲ ಯಾರ ಮೇಲೆ ಅಂತ ಬೆರಳು ತೋರಿಸ್ಬೇಕು. ಶೆರಿನಾ?”

“ಶೆರಿ ಅಕ್ಕಾ,” ಎಂದೆ.

ಕುನ್ನತ್ತೂರಿನ ಛತ್ರದಲ್ಲಿ ನಾನು ಅಕ್ಕನ ಪಕ್ಕ ಬಿಟ್ಟು ಕದಲಲಿಲ್ಲ. ಅವಳ ಮಗಳು ತಾಯಿಯನ್ನು ಕಂಡು ಮಣೆಯ ಮೇಲೆಯೇ ಅತ್ತುಬಿಟ್ಟಳು. ಮದುಮಗನ ಪೇಟ ಮೂಗಿಗೆ ಜಾರಿದಾಗ ಜನ ನಕ್ಕರು, ಅವನತ್ತ ಬೆರಳು ತೋರಿಸಿದೆ. ಪುರೋಹಿತರಿಗೆ ಬಿಕ್ಕಳಿಕೆ ಬಂದಾಗ ಅವರತ್ತ. ಅಕ್ಕ ಪ್ರತಿ ಸಲವೂ ನನ್ನ ಬೆರಳು ನೋಡಿ ತಾನೂ ಸೇರಿ ನಗುತ್ತಿದ್ದಳು. ಇನ್ನೇನು ಧಾರೆ ಎನ್ನುವಾಗ, ಓಲಗ ನಿಂತು ಛತ್ರವೆಲ್ಲ ನಿಶ್ಶಬ್ದವಾದ ಹೊತ್ತಿಗೆ, ಅವಳು ತನ್ನಷ್ಟಕ್ಕೆ ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು, “ಹುಡ್ಗ ಚೆನ್ನಾಗವ್ನೆ, ರವಷ್ಟು ಕುಳ್ಳ,” ಎಂದಳು. ಅದು ಅಡಿಗೆಮನೆಯವರೆಗೂ ಕೇಳಿಸಿತು. ಇಡೀ ಛತ್ರ ನಕ್ಕಿತು. ಎಲ್ಲರೂ ತಿರುಗಿ ಅವಳನ್ನೇ ನೋಡುತ್ತಿದ್ದರು.

ಅಕ್ಕ ನನ್ನ ಕೈ ನೋಡಿದಳು. ನಾನು ಬೆರಳನ್ನು ನನ್ನ ಎದೆಗೆ ತಿರುಗಿಸಿದೆ.

“ಥೂ, ಇಲ್ಲೂ ಏನೋ ಮಾಡ್ದೆ ನೀನು?” ಎಂದು ಅವಳು ಛತ್ರದ ಎದುರಿಗೇ ನನ್ನನ್ನು ಬೈದಳು. ನಾನು ತಲೆ ತಗ್ಗಿಸಿ ಬೈಸಿಕೊಂಡೆ.